ರಂಗೋಲಿ ಇಲ್ಲದ ಮೂರು ಬೆಳಗು

ನಲವತ್ತು ದಾಟಿದ ಗಂಡಸರಿಗೆ ಒಂದು ಕಾಯಿಲೆ ಬರುತ್ತದೆ. ‘ಇದಕ್ಕೆಲ್ಲ ಕೂಲಿಯವರು ಯಾಕೆ, ನಾನೇ ಮಾಡ್ತೀನಿ ಬಿಡು’ ಎನ್ನುವುದೇ ಅದರ ಲಕ್ಷಣ. ನನಗಿದು ಬಂದು ಬಹಳ ಕಾಲವಾಯಿತು. ನಾನು ರಿಪೇರಿ ಮಾಡಿದ ಕೊಡೆ ಬಿಚ್ಚಿಕೊಂಡಿತೇ ಹೊರತು ಮತ್ತೆ ಮುಚ್ಚಲಿಲ್ಲ. ಬಾಗಿಲಲ್ಲಿ ಹಾಯದೆಂದು ಅದನ್ನು ಹೊರಗೇ ಬಿಟ್ಟೆವು, ಯಾರೋ ಪುಣ್ಯಾತ್ಮರು ಒಯ್ದರು. ನಾನು ಮೊಳೆ ಹೊಡೆದ ಮಣೆಯ ಮೇಲೆ ಕೂರುವ ಮುನ್ನ ನನ್ನ ಹೆಂಡತಿ ಗಿರಿಜಾ ಅದನ್ನು ಈಗಲೂ ಒಮ್ಮೆ ಕೈಯಿಂದ ಸವರಿ ನೋಡುತ್ತಾಳೆ. ಇಂಥ ನಾನು ಎಂಬತ್ತರ ದಶಕದಲ್ಲಿ ಒಮ್ಮೆ ಒಂದು ಕೆಲಸವನ್ನು ನಿಜವಾಗಿಯೂ ಗೆದ್ದಿದ್ದೇನೆ. ಗೆದ್ದದ್ದು ಅದೊಂದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳಲು ಅಪ್ಪಣೆ ಬೇಕು.

ಆಗ ನಾನು ಸಂತೇಬೆನ್ನೂರಿನಲ್ಲಿ ಶಾಲಾ ಮೇಷ್ಟ್ರು. ಮನೆಯ ಮುಂದೆ ಅಪ್ಪನ ಕಾಲದಲ್ಲಿ ಹಾಕಿಸಿದ ಸಿಮೆಂಟಿನ ಅಂಗಳವಿತ್ತು. ಅದರ ಮೇಲೆ ಗಾಡಿ ನಿಂತು, ಸೌದೆ ಒಡೆದು, ಮೆಣಸಿನಕಾಯಿ ಕುಟ್ಟಿ, ಮೇಲಿನ ನಯವೆಲ್ಲ ಹೋಗಿ ಜಲ್ಲಿಕಲ್ಲು ಹಲ್ಲು ಕಿರಿಯುತ್ತಿತ್ತು. ಅವ್ವ ದಿನಾ ಬೆಳಗ್ಗೆ ಅಲ್ಲೇ ನೀರು ಹಾಕಿ ರಂಗೋಲಿ ಬಿಡುತ್ತಿದ್ದಳು. ಅವಳ ರಂಗೋಲಿಗೆ ಬೀದಿಯಲ್ಲೆಲ್ಲ ಹೆಸರು. ಆದರೆ ಒಂದೆರಡು ವರ್ಷದಿಂದ ಗೆರೆಗಳು ಅಲ್ಲಲ್ಲಿ ತುಂಡಾಗತೊಡಗಿದ್ದವು, ಸುತ್ತುಗಳು ಸೊಟ್ಟಗಾಗತೊಡಗಿದ್ದವು. ಎದುರು ಮನೆಯ ಬಸಮ್ಮ ಒಂದು ದಿನ, “ದೊಡ್ಡವ್ರಿಗೆ ಕೈ ನಡುಗಾಕೆ ಹತ್ತೈತೆ, ಪಾಪ. ವಯಸ್ಸಾತಲ್ಲ” ಎಂದಳು. ಅವ್ವ ತಲೆ ಎತ್ತದೆ, “ಕೈ ನೆಟ್ಟಗೈತೆ. ನೆಲ ನೆಟ್ಟಗಿಲ್ಲ” ಎಂದಳು. ಅಂದಿನಿಂದ ದೊಡ್ಡ ರಂಗೋಲಿ ನಿಂತೇಹೋಯಿತು. ನಾಲ್ಕು ಚುಕ್ಕಿ ಇಟ್ಟು, ಒಂದು ಹೂವು ಬರೆದು ಎದ್ದುಬಿಡುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೂ ಅನುಮಾನ ಕೈಯ ಮೇಲೆಯೇ ಇತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ. ಆದರೆ ಹೆತ್ತವಳಿಗೆ ಮಗನ ಮುಖ ಓದಲು ಕನ್ನಡಕ ಬೇಕೇ? “ನೀನೂ ಹಂಗೇ ಅಂದ್ಕಂಡೀಯ, ಗೊತ್ತಾತು ಬಿಡು” ಎಂದು ಒಳಗೆ ಹೋದಳು. ನನಗೆ ಅಂದು ಊಟ ಸೇರಲಿಲ್ಲ. ನೆಲ ನಯ ಮಾಡಿ, ತಪ್ಪು ಯಾರದೆಂದು ನೋಡಿಯೇ ಬಿಡೋಣ ಎಂದು ನಿಶ್ಚಯಿಸಿದೆ.

ದಾವಣಗೆರೆಯ ಬಣ್ಣದ ಅಂಗಡಿಯವರು ಕ್ರಮವನ್ನೆಲ್ಲ ಹೇಳಿಕೊಟ್ಟರು. ತಂತಿ ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು, ಕುಳಿಗಳಿಗೆ ಸಿಮೆಂಟು ತುಂಬಿ ನುಣ್ಣಗೆ ಮಾಡಬೇಕು, ಅದು ಚೆನ್ನಾಗಿ ಒಣಗಿದ ಮೇಲೆ ನೆಲಕ್ಕೆ ಬಳಿಯುವ ಕೆಂಪು ಬಣ್ಣ, ಅದರ ಮೇಲೆ ವಾರ್ನಿಶ್. “ಬಣ್ಣ ಬಳಿಯಾಕೆ ಶುರು ಮಾಡಿದ್ರೆ ಮೂರು ದಿನ ನೀರು ಬೀಳಂಗಿಲ್ಲ, ಕಾಲು ಇಡಂಗಿಲ್ಲ ನೋಡ್ರಿ. ಆಮೇಲೆ ನನ್ನ ಬೈಯಬ್ಯಾಡ್ರಿ” ಎಂದರು. ಉಜ್ಜುವಷ್ಟರಲ್ಲಿ ನನ್ನ ಮಂಡಿಗಳು ಅಂಗಳಕ್ಕಿಂತ ಹೆಚ್ಚು ಸವೆದವು. ಕುಳಿ ತುಂಬಿದ್ದು ಹೇಗೋ ಆಯಿತು. ಬಣ್ಣದ ದಿನ ಬಂದಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು. “ನಿಮ್ಮಪ್ಪ ಹೋದಾಗ ಬಿಟ್ರೆ ಈ ಮನೆ ಮುಂದೆ ರಂಗೋಲಿ ತಪ್ಪಿಲ್ಲ ಕಣೋ” ಎಂದಳು. ನಾನು, “ಮೂರೇ ದಿನ ತಡಿಯವ್ವ. ಆಮೇಲೆ ಎಷ್ಟು ದೊಡ್ಡದು ಬೇಕೋ ಬಿಡುವಂತೆ” ಎಂದು ಒಪ್ಪಿಸಿದೆ. ಹೆಡ್‌ಮಾಸ್ಟರರಿಗೆ ಮನೆಯಲ್ಲಿ ತುರ್ತು ಕೆಲಸವೆಂದು ಹೇಳಿ ರಜೆ ಹಾಕಿದೆ. ನಾಯಿ, ದನ ಬಾರದಂತೆ ಅಂಗಳದ ಅಂಚಿಗೆ ಜಾಲಿ ಮುಳ್ಳು ಎಳೆದು, ಮುಂಬಾಗಿಲು ಹಾಕಿ, ಹಿತ್ತಲ ಬಾಗಿಲಿನಲ್ಲಿ ಓಡಾಡತೊಡಗಿದೆವು.

ಈಗ ನೀವೇ ಯೋಚಿಸಿ. ಬೆಳಗಾದರೆ ಮನೆ ಮುಂದೆ ನೀರಿಲ್ಲ, ರಂಗೋಲಿ ಇಲ್ಲ. ಮುಂಬಾಗಿಲು ಮುಚ್ಚಿದೆ. ಮೇಷ್ಟ್ರು ಶಾಲೆಗೆ ಹೋಗಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದಾರೆ. ನಮ್ಮ ಕಡೆ ಇಷ್ಟು ಸಾಕು. ಇಷ್ಟೂ ಬುದ್ಧಿ ನನಗೆ ಹೊಳೆಯಲಿಲ್ಲ, ಯಾಕೆಂದರೆ ನನ್ನ ತಲೆಯ ತುಂಬ ವಾರ್ನಿಶ್ ಇತ್ತು. ಎರಡನೇ ದಿನ ಹೆಡ್‌ಮಾಸ್ಟರರು ಬಂದು ಮುಳ್ಳಿನಾಚೆ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನಿಂತರು. “ಧೈರ್ಯ ತಗೋರಿ ಮೇಷ್ಟ್ರೇ. ಎಲ್ಲಾ ಹೆಂಗಾತು?” ಎಂದರು. ನಾನು ಉತ್ಸಾಹದಿಂದ, “ಸುಸೂತ್ರವಾಗಿ ಮುಗೀತು ಸಾರ್, ಇನ್ನು ಒಣಗೋದೊಂದೇ ಬಾಕಿ” ಎಂದೆ. ಅವರು ನನ್ನನ್ನು ಒಂದು ಥರ ನೋಡಿದರು. ಅಷ್ಟರಲ್ಲಿ ಕಿಟಕಿಯಿಂದ ಅವ್ವನ ದನಿ ಬಂತು: “ಯಾರದು? ಹೆಡ್‌ಮಾಸ್ಟ್ರಾ? ಹಿತ್ತಲಿಂದ ಬರ್ರಿ, ಟೀ ಕುಡೀರಿ.” ಅವರು ಚಪ್ಪಲಿ ಹುಡುಕಿಕೊಂಡ ರೀತಿಯನ್ನು ನಾನು ಮರೆತಿಲ್ಲ. ಆಮೇಲೆ ಟೀ ಕುಡಿಯುತ್ತ ಹೇಳಿದರು, “ಮೊದ್ಲು ನಿಮಗೇ ಏನೋ ಆತು ಅಂದ್ಕಂಡ್ವಿ. ಹುಡುಗ್ರು ಶಾಲೆಗೆ ರಜಾ ಐತೇನ್ರಿ ಅಂತ ಕೇಳಾಕೆ ಬಂದಿದ್ರು.” ಮಕ್ಕಳಿಗೆ ನನ್ನ ಮೇಲಿದ್ದ ಪ್ರೀತಿ ಅಂದು ತಿಳಿಯಿತು.

ನನಗೆ ನಾಚಿಕೆಯಾಗಿ, ಮನೆಮನೆಗೆ ಹೋಗಿ ವಿಷಯ ತಿಳಿಸಿ ಬರುತ್ತೇನೆಂದು ಹೊರಟೆ. ಅವ್ವ ಬಿಡಲಿಲ್ಲ, ಹೆಡ್‌ಮಾಸ್ಟರರಿಗೂ ಎಲ್ಲೂ ಬಾಯಿ ಬಿಡಬೇಡಿರೆಂದು ಹೇಳಿ ಕಳಿಸಿದಳು. “ಸುಮ್ನಿರು. ಯಾರ್ಯಾರು ಏನೇನಂತಾರೆ ಕೇಳೋಣ” ಎಂದು ಕಿಟಕಿಯ ಕೆಳಗೆ ಚಾಪೆ ಹಾಸಿಕೊಂಡು ಕುಳಿತಳು. ಬಸಮ್ಮ ನಲ್ಲಿಯ ಹತ್ತಿರ ಯಾರಿಗೋ, “ಏನೇ ಅನ್ರಿ, ಅವ್ರ ಕೈಯಾಗಿನ ರಂಗೋಲಿ ಇನ್ಯಾರಿಗೂ ಬರಲ್ಲ” ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಅವ್ವ ಗಿರಿಜಾಳ ಕಡೆ ತಿರುಗಿ, “ಈಗ ನನ್ನ ಕೈ ನಡುಗಲ್ವಂತೆ ನೋಡು” ಎಂದಳು. ಸತ್ತ ಮೇಲೆ ಹೊಗಳಿಸಿಕೊಳ್ಳುವವರು ಬಹಳ ಜನ, ಅದನ್ನು ಚಾಪೆ ಮೇಲೆ ಕೂತು ಕೇಳುವ ಯೋಗ ನಮ್ಮ ಅವ್ವನಿಗೆ ಮಾತ್ರ ಬಂತು.

ಮೂರನೇ ದಿನ ತ್ಯಾವಣಿಗೆ ಕಡೆಯ ಬಸ್ಸು ಬಂದು ನಿಂತದ್ದೇ ತಡ, ಬೀದಿಯ ಕೊನೆಯಿಂದ ದೊಡ್ಡ ಅಳು ಕೇಳಿಸಿತು. ಅವ್ವನ ತಂಗಿ ಹಾಲಮ್ಮ ಚಿಕ್ಕಮ್ಮ. ಸುದ್ದಿ ಬಸ್ಸಿನಲ್ಲೇ ಅಲ್ಲಿಗೂ ಹೋಗಿತ್ತು. “ಅಕ್ಕಾ, ಒಂದು ಮಾತು ಹೇಳ್ದೆ ಹೋದ್ಯೇನೇ, ಇನ್ಯಾರು ನನ್ನ ಹಾಲೀ ಅಂತ ಕರೀತಾರೇ” ಎಂದು ಎದೆ ಬಡಿದುಕೊಳ್ಳುತ್ತ, ಹಿಂದೆ ಐದಾರು ಹೆಂಗಸರನ್ನು ಕಟ್ಟಿಕೊಂಡು ನೇರವಾಗಿ ನಮ್ಮ ಮನೆಗೇ ಬಂದಳು. ಜಾಲಿ ಮುಳ್ಳನ್ನು ಎಳೆದು ಬಿಸಾಡಿದಳು. ಹೊಳಪು ಸಾಲದೆಂದು ಅಂದು ಬೆಳಗ್ಗೆ ತಾನೇ ಇನ್ನೊಂದು ಸುತ್ತು ವಾರ್ನಿಶ್ ಬಳಿದಿದ್ದೆ. ಹಿತ್ತಲಿನಿಂದ ಓಡಿ ಬಂದ ನನಗೆ ಕಂಡದ್ದು, ನನ್ನ ಅಂಗಳದ ಮೇಲೆ ಎತ್ತಿ ಹಿಡಿದಿದ್ದ ಚಿಕ್ಕಮ್ಮನ ಧೂಳು ತುಂಬಿದ ಬಲಗಾಲು. ನಾನು ಕಣ್ಣು ಮುಚ್ಚಿಕೊಂಡೆ.

“ಹಾಲೀ, ಕಾಲಿಟ್ಟೀಯ, ಜೋಕೆ. ಬಣ್ಣ ಹಸಿ ಐತೆ.”

ಕಿಟಕಿಯಿಂದ ಬಂದ ಆ ದನಿಗೆ ಚಿಕ್ಕಮ್ಮ ಒಂಟಿಕಾಲಲ್ಲೇ ನಿಂತಳು. ಹಿಂದಿದ್ದ ಹೆಂಗಸರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಚಿಕ್ಕಮ್ಮ ಎತ್ತಿದ ಕಾಲನ್ನು ಹಿಂದಕ್ಕಿಟ್ಟು ಮೆಲ್ಲಗೆ, “ಅಕ್ಕಾ, ನೀನು ಸತ್ತಿಲ್ವಾ?” ಎಂದು ಕೇಳಿದಳು. “ಇಲ್ಲ. ಸುತ್ತ ಬಳಸಿ ಹಿತ್ತಲಿಗೆ ಬಾ” ಎಂದಳು ಅವ್ವ. ಚಿಕ್ಕಮ್ಮ ಹಿತ್ತಲಿಗೆ ಬಂದು, ಅಕ್ಕನನ್ನು ಅಪ್ಪಿಕೊಂಡು ಮೊದಲಿಗಿಂತ ಜೋರಾಗಿ ಅತ್ತಳು, ಆಮೇಲೆ ನನ್ನನ್ನು ಹೊಟ್ಟೆ ತುಂಬ ಬೈದಳು. ಅಂಗಳದ ಮೇಲೆ ಒಂದು ಬೆರಳಿನ ಗುರುತೂ ಬೀಳಲಿಲ್ಲ. ಬೈಗುಳ ನನಗೆ ಸಿಹಿಯಾಗಿಯೇ ಕೇಳಿಸಿತು.

ಮಾರನೆಯ ಬೆಳಗ್ಗೆ ಇಡೀ ಬೀದಿ ಬಂದು ನಿಂತಿತ್ತು. ಅವ್ವ ನೀರು ಹಾಕಿದಳು. ಕುಂಕುಮದಂಥ ಕೆಂಪು ನೆಲ ಫಳಫಳ ಹೊಳೆಯಿತು. ಅವಳು ಕುಕ್ಕರಗಾಲಲ್ಲಿ ಕುಳಿತು, ಚಿಟಿಕೆಯಲ್ಲಿ ಹುಡಿ ಹಿಡಿದು, ಬೇಕೆಂದೇ ಅಂಗಳದ ಆ ತುದಿಯಿಂದ ಈ ತುದಿಗೆ ಅಂಚಿನ ಪಕ್ಕದಲ್ಲೇ ಒಂದು ಉದ್ದ ಗೆರೆ ಎಳೆದಳು. ಗೆರೆ ಎಲ್ಲೂ ತುಂಡಾಗಲಿಲ್ಲ, ಎಲ್ಲೂ ಅಲುಗಲಿಲ್ಲ, ದಾರ ಹಿಡಿದು ಎಳೆದ ಹಾಗಿತ್ತು. ಆಮೇಲೆ ಚುಕ್ಕಿಗಳು, ಬಳ್ಳಿಗಳು, ನಾನು ಹುಡುಗನಾಗಿದ್ದಾಗ ನೋಡಿದ್ದ ಆ ದೊಡ್ಡ ರಂಗೋಲಿ ಪೂರ್ತಿ ಮೂಡಿತು. “ನೆಲದ್ದೇ ತಪ್ಪು ಬಿಡ್ರಿ” ಎಂದಳು ಬಸಮ್ಮ. ನನಗೆ ಆದ ಸಂತೋಷಕ್ಕೆ ಕಣ್ಣು ತುಂಬಿ ಬಂತು. ಜನ ಬಗ್ಗಿ ನೆಲವನ್ನು ಸವರಿ ನೋಡುತ್ತಿದ್ದರು, ಇಬ್ಬರು ತಮ್ಮ ಅಂಗಳವನ್ನೂ ಹೀಗೇ ಮಾಡಿಕೊಡಬೇಕೆಂದರು. ನಾನು ಹುಟ್ಟಿನಿಂದಲೂ ವಾರ್ನಿಶ್ ಬಳಿದವನಂತೆ ಸೊಂಟದ ಮೇಲೆ ಕೈಯಿಟ್ಟು ವಿವರಿಸುತ್ತಿದ್ದೆ.

ಅವ್ವ ಎದ್ದು ನಿಂತು ತನ್ನ ಬಿಳಿ ಗೆರೆಯ ಪಕ್ಕವನ್ನೇ ನೋಡುತ್ತಿದ್ದಳು. ಅಂಗಳದ ಸುತ್ತ ಶೋಭೆಗಿರಲೆಂದು ನಾನು ಹಳದಿ ಬಣ್ಣದಲ್ಲಿ ಒಂದು ಅಂಚು ಬರೆದಿದ್ದೆ. ಅಲ್ಲಿಯವರೆಗೂ ಅದು ಚೆನ್ನಾಗಿಯೇ ಕಾಣುತ್ತಿತ್ತು.

“ಈ ಹಳದಿ ಯಾರು ಎಳೆದಿದ್ದು?”

“ನಾನೇ ಅವ್ವ.”

“ಕೈ ನಡುಗೈತಲ್ಲಪ್ಪ” ಎಂದಳು ಅವ್ವ, ನಿಜವಾದ ಮರುಕದಿಂದ.

ಬಸಮ್ಮ ಹತ್ತಿರ ಬಂದು ಬಗ್ಗಿ ನೋಡಿ, “ಪಾಪ, ಮೇಷ್ಟ್ರಿಗೂ ವಯಸ್ಸಾತಲ್ಲ” ಎಂದಳು. ಕೈ ನೆಟ್ಟಗೇ ಇದೆ, ಬ್ರಷ್ಷು ನೆಟ್ಟಗಿರಲಿಲ್ಲ ಎಂದು ನಾನು ಎಷ್ಟೋ ಹೇಳಿದೆ. ಆ ಬೀದಿಯಲ್ಲಿ ಒಬ್ಬರೂ ನಂಬಲಿಲ್ಲ.