ಅಕುಶಲಳಾಗಲು ರಜೆ ಕೋರಿ

ಇಂದ:
ಜೋಡಣೆ ವಿಭಾಗದ ಮೂರನೇ ಮೇಜಿನವಳು,
(ಹೋದ ವಾರದವರೆಗೆ ಕುಶಲ, ಈ ವಾರದಿಂದ ಅಕುಶಲ),
ಕುರ್ಚಿ ಕಾರ್ಖಾನೆ.

ಗೆ:
ಮಾನ್ಯ ಮ್ಯಾನೇಜರ್ ಸಾಹೇಬರು,
ಅದೇ ಕಾರ್ಖಾನೆ, ಮಹಡಿ ಮೇಲಿನ ಕೋಣೆ.

ವಿಷಯ: ಕಲಿತ ಕೆಲಸವನ್ನು ಮರೆಯುವ ಸಲುವಾಗಿ ಸಂಬಳ ಸಹಿತ ರಜೆ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ:
೧. ಜೋಡಣೆ ವಿಭಾಗದ ಎಲ್ಲರನ್ನೂ 'ಅಕುಶಲ ಕಾರ್ಮಿಕರು' ಎಂದು ಘೋಷಿಸಿದ ತಮ್ಮ ಆದೇಶ.
೨. ತಮ್ಮ ಕುರ್ಚಿಯನ್ನು ಸರಿಪಡಿಸಿದ ಅಪರಾಧಕ್ಕಾಗಿ ನನಗೆ ಬಂದ ಮೆಮೊ.
೩. ಮೆಟ್ಟಿಲ ಬಳಿ ತಾವು ಮೌಖಿಕವಾಗಿ ಕೇಳಿದ ಪ್ರಶ್ನೆ: "ಏನಮ್ಮಾ, ಒಂದ್ಸಲ ಹೇಳಿದ್ರೆ ತಲೆಗೆ ಹೋಗಲ್ವಾ?"

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ ಮೂರರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ತಲೆಗೆ ಹೋಗಿದೆ. ಕೈಗೆ ಹೋಗುತ್ತಿಲ್ಲ. ಈ ಅರ್ಜಿಗೆ ಅದೇ ಕಾರಣ. ವಿವರಗಳನ್ನು ತಮ್ಮ ಅವಗಾಹನೆಗಾಗಿ ಕೆಳಗೆ ನಿವೇದಿಸಿಕೊಂಡಿದ್ದೇನೆ.

೧. ಹೊಸ ಯಂತ್ರ ಬಂದಿರುವ ಕಾರಣ, ಕಾಲಿನ ತುದಿಗೆ ಬೆಣೆ ಬಡಿದು ಕುರ್ಚಿ ಕೂಡಿಸುವುದು ಇನ್ನು ಕುಶಲ ಕೆಲಸವಲ್ಲ ಎಂದು ತಮ್ಮ ಆದೇಶ ಹೇಳುತ್ತದೆ. ಆದ್ದರಿಂದ ಅದನ್ನು ಮಾಡುವವರು ಕುಶಲರಲ್ಲ. ಆದ್ದರಿಂದ ಅವರಿಗೆ ಕುಶಲರ ಸಂಬಳವಿಲ್ಲ. ಆದ್ದರಿಂದ ಅವರನ್ನು ಗುತ್ತಿಗೆದಾರರ ಕೈಗೆ ಒಪ್ಪಿಸಬಹುದು. ಒಂದು ಕಾರಣ, ಮೂರು ಆದ್ದರಿಂದ, ಒಟ್ಟು ನಾಲ್ಕು ಕಾಲು. ಆದರೂ ಆದೇಶ ಅಲುಗಾಡುತ್ತದೆ ಎಂಬುದು ನಮ್ಮ ವಿಭಾಗದ ಒಮ್ಮತದ ಅಭಿಪ್ರಾಯ.

ಕುಶಲ ಕಾರ್ಮಿಕರನ್ನು ಸಂಘದ ಜೊತೆ ಮಾತಾಡದೆ ತೆಗೆಯುವಂತಿಲ್ಲ. ಗುತ್ತಿಗೆಯವರನ್ನು ಬೆಳಿಗ್ಗೆ ಗೇಟಿನಲ್ಲೇ "ಇವತ್ತು ಬೇಡ, ಹೋಗಿ" ಎಂದು ಕಳಿಸಬಹುದು. 'ಅ' ಎಂಬ ಒಂದಕ್ಷರ ಇಷ್ಟೆಲ್ಲ ಕೆಲಸ ಮಾಡುತ್ತದೆಂದು ಶಾಲೆಯಲ್ಲಿ ಅದನ್ನು ತಿದ್ದುವಾಗ ನನಗೆ ಗೊತ್ತಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. "ನನಗೆ ಯಾವ ಕುಶಲ ಕೆಲಸವೂ ಬರುವುದಿಲ್ಲ" ಎಂಬ ಒಪ್ಪಿಗೆ ಪತ್ರಕ್ಕೆ ಸೋಮವಾರದೊಳಗೆ ಸಹಿ ಹಾಕದವರು ಮನೆಗೆ ಹೋಗಬಹುದು ಎಂದೂ ಆದೇಶದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದೆ.

೨. ಸದರಿ ಆದೇಶವನ್ನು ಮನೆಗೆ ಒಯ್ದು ಅತ್ತೆಗೆ ಓದಿ ಹೇಳಿದೆ. ನನ್ನ ಅತ್ತೆ ಇದೇ ಕಾರ್ಖಾನೆಯ ಇದೇ ಮೂರನೇ ಮೇಜಿನಲ್ಲಿ ದುಡಿದು ನಿವೃತ್ತರಾದವರು. ನನಗೆ ಬೆಣೆ ಬಡಿಯುವ ಕೊಡತಿ ಹಿಡಿಯಲು ಕಲಿಸಿದವರೂ ಅವರೇ. ಈಗ ಅವರ ಕಿವಿ ಮಂದ, ಬಾಯಿ ಮಾತ್ರ ಮೊದಲಿನಂತೆಯೇ ಚುರುಕು.

"ಅಕುಶಲ ಅಂದ್ರೆ ಏನೇ? ಮೈಗೆ ಹುಷಾರಿಲ್ವಾ?"

"ಅಲ್ಲ ಅತ್ತೆ, ಕೆಲಸ ಬರಲ್ಲ ಅಂತ."

"ಯಾರಿಗೆ, ಮ್ಯಾನೇಜರಿಗಾ?"

"ಅಲ್ಲ, ನನಗೆ."

ಅತ್ತೆ ಕನ್ನಡಕ ತೆಗೆದಿಟ್ಟರು. "ನಿನಗೆ ಕೆಲಸ ಬರಲ್ಲ ಅಂತ ನೀನು ಮದುವೆಯಾಗಿ ಬಂದ ದಿನದಿಂದ ನಾನು ಹೇಳ್ತಾ ಇದ್ದೀನಿ. ಅದು ನನ್ನ ಹಕ್ಕು. ಅವನ್ಯಾರು ಮಧ್ಯದಲ್ಲಿ?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅತ್ತೆಯ ಕಾಲದಲ್ಲೂ ಸೊಸೆಯ ಕಾಲದಲ್ಲೂ ಸಂಸಾರ ನಿಂತಿರುವುದು ಕುರ್ಚಿಯ ಕಾಲಿನ ಮೇಲೆಯೇ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ.

೩. ಆದರೂ ಆದೇಶ ಆದೇಶವೇ. ಶಿಸ್ತಿನ ಕೆಲಸಗಾರ್ತಿಯಾಗಿ, ಅಕುಶಲಳಾಗಲು ಪ್ರಾಮಾಣಿಕವಾಗಿ ಪ್ರಯತ್ನಪಟ್ಟಿದ್ದೇನೆ. ಬೆಣೆಯನ್ನು ಬೇಕೆಂದೇ ಓರೆಯಾಗಿಟ್ಟು ಬಡಿದೆ. ಎರಡನೇ ಪೆಟ್ಟಿಗೆ ಕೈ ತಾನಾಗಿಯೇ ಅದನ್ನು ನೆಟ್ಟಗೆ ಮಾಡಿತು. ಕಣ್ಣು ಮುಚ್ಚಿಕೊಂಡು ಬಡಿದೆ. ಬೆಣೆ ಪೂರ್ತಿ ಕೂತಾಗ 'ಟಪ್' ಎನ್ನುವ ಸದ್ದು 'ಟಣ್' ಎಂದು ಬದಲಾಗುತ್ತದೆ, ಕಿವಿ ಅದನ್ನು ಹಿಡಿದುಬಿಟ್ಟಿತು. ಕಿವಿಗೆ ಹತ್ತಿ ತುರುಕಿಕೊಂಡೆ. ಆಗ ಕೊಡತಿಯ ಹಿಡಿಯೇ ಅಂಗೈಗೆ ಚಾಡಿ ಹೇಳಿತು. ಕೊನೆಗೆ ಕೊಡತಿಯನ್ನು ಎಡಗೈಗೆ ಕೊಟ್ಟೆ. ಇಷ್ಟು ವರ್ಷ ಸುಮ್ಮನೆ ಕುರ್ಚಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ ಆ ಕಳ್ಳ ಎಡಗೈ ನೋಡಿ ನೋಡಿಯೇ ಎಲ್ಲವನ್ನೂ ಕಲಿತುಬಿಟ್ಟಿದೆ. ಅದಕ್ಕೂ ಒಂದು ಮೆಮೊ ಕೊಡಬಹುದು. ಕಾರ್ಖಾನೆಯ ಹೊರಗೂ ಇದೇ ಕಥೆ. ಹಲ್ಲಿನ ಡಾಕ್ಟರ ಬಳಿ ಹೋದರೆ ನಾನು ಬಾಯಿ ತೆರೆಯುವ ಮೊದಲು ಅಲ್ಲಿನ ಬೆಂಚನ್ನು ತಲೆಕೆಳಗು ಮಾಡಿ ನೋಡುತ್ತೇನೆ. ನನ್ನ ಗಂಡ ನನ್ನನ್ನು ನೆಂಟರ ಮನೆಗೆ ಕರೆದೊಯ್ಯುವುದನ್ನೇ ಬಿಟ್ಟಿದ್ದಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಲಿತ ಗುಣವೂ ಹಾಗೆಯೇ ಕಾಣುತ್ತದೆ.

೪. ಇನ್ನು ತಮ್ಮ ಕುರ್ಚಿಯ ವಿಚಾರ. ಗುತ್ತಿಗೆಯಲ್ಲಿ ಬಂದ ಹೊಸಬಳು ಹೊಸ ಯಂತ್ರದಲ್ಲಿ ಕೂಡಿಸಿದ ಮೊದಲ ಕುರ್ಚಿಯನ್ನು ಮಾದರಿಯೆಂದು ತಮ್ಮ ಕೋಣೆಗೆ ಏರಿಸಲಾಯಿತು. ಅದು ಅಲುಗಾಡಿತು. ತಾವು "ನೆಲ ಸರಿಯಿಲ್ಲ" ಎಂದು ಗಾರೆಯವನನ್ನು ಕರೆಸಿದಿರಿ. ಅವನು ರಸಮಟ್ಟ ಇಟ್ಟು ನೋಡಿ, "ಸಾರ್, ನೆಲ ಚೆನ್ನಾಗೇ ಇದೆ" ಎಂದು ಕೂಲಿ ತೆಗೆದುಕೊಂಡು ಹೋದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಆಗ ನಮ್ಮ ವಿಭಾಗದಲ್ಲಿ ಕೇಳಿಬಂತೆಂಬುದನ್ನು ನಾನು ಈ ಅರ್ಜಿಯಲ್ಲಿ ನಮೂದಿಸುವುದಿಲ್ಲ.

ನೆಲ ಪಾರಾದ ಮೇಲೆ ತಪ್ಪು ಹೊಸಬಳ ತಲೆಗೆ ಬಂತು. ಕುರ್ಚಿ ಸಂಜೆಯೊಳಗೆ ಸರಿಯಾಗದಿದ್ದರೆ ನಾಳೆಯಿಂದ ಬರಬೇಡ ಎಂದು ತಾವು ಅವಳಿಗೆ ಹೇಳಿದಿರಂತೆ. ಅವಳು ನನ್ನ ಮೇಜಿನ ಬಳಿ ಬಂದು ನಿಂತಳು.

"ಅಕ್ಕಾ, ಅದು ಯಾಕೆ ಅಲ್ಲಾಡುತ್ತೆ ಅಂತಾನೇ ನಂಗೆ ಗೊತ್ತಿಲ್ಲ. ಯಾರೂ ಹೇಳಿಕೊಟ್ಟಿಲ್ಲ."

ಹೇಳಿಕೊಟ್ಟರೆ ಅವಳು ಕುಶಲಳಾಗುತ್ತಾಳೆ, ಕುಶಲಳಾದರೆ ಸಂಬಳ ಏರಿಸಬೇಕಾಗುತ್ತದೆ, ಆದ ಕಾರಣ ಯಾರೂ ಹೇಳಿಕೊಡತಕ್ಕದ್ದಲ್ಲ ಎಂದು ನಮಗೆಲ್ಲ ಅಪ್ಪಣೆಯಾಗಿತ್ತು. ತಾವು ಊಟಕ್ಕೆ ಹೋದಾಗ ಅವಳನ್ನು ಕರೆದುಕೊಂಡು ಮಹಡಿ ಹತ್ತಿದೆ. ಕುರ್ಚಿ ಮಗುಚಿ ನೋಡಿದರೆ ಎಡಗಡೆಯ ಹಿಂಗಾಲು ಸಡಿಲವಾಗಿತ್ತು. ಒಂದು ಬೆಣೆ ಕೆತ್ತಿ, ಕೊಡತಿಯನ್ನು ಅವಳ ಕೈಗೇ ಕೊಟ್ಟು, "ಸದ್ದು ಬದಲಾದ ಕೂಡ್ಲೇ ನಿಲ್ಲಿಸು" ಎಂದೆ. ಸರಿಯಾದ ಪೆಟ್ಟಿಗೆ ನಿಲ್ಲಿಸಿದಳು. "ಅಯ್ಯೋ ಅಕ್ಕಾ, ಕೇಳಿಸ್ತು!" ಎಂದು ಕೂಗಿಯೇಬಿಟ್ಟಳು. ನನಗೆ ನನ್ನ ಮೊದಲ ಕುರ್ಚಿ ನೆನಪಾಯಿತು.

ಊಟ ಮುಗಿಸಿ ಬಂದ ತಾವು ಕುಳಿತು ನೋಡಿ, "ನೋಡಿದ್ರಾ, ಯಂತ್ರ ಎರಡು ದಿನದಲ್ಲಿ ಹೊಂದಿಕೊಂಡ್ತು" ಎಂದು ಎಲ್ಲರೆದುರು ಹೊಗಳಿದಿರಿ. ಸುಮ್ಮನಿರಬೇಕಿತ್ತು, ಆಗಲಿಲ್ಲ. "ಯಂತ್ರ ಅಲ್ಲ ಸಾರ್, ಬೆಣೆ" ಎಂದುಬಿಟ್ಟೆ.

೫. ಕಾರಣ, ಮೆಮೊ ಬಂತು. "ಅಕುಶಲ ಕಾರ್ಮಿಕರಾದ ತಾವು ಅನುಮತಿಯಿಲ್ಲದೆ ಕುಶಲ ಕೆಲಸ ಮಾಡಿರುವುದು ಶಿಸ್ತುಭಂಗವಾಗಿದ್ದು, ಸದರಿ ಕೆಲಸವನ್ನು ಕೂಡಲೇ ರದ್ದುಪಡಿಸತಕ್ಕದ್ದು." ಬೆಣೆ ಬಡಿಯುವುದು ಕುಶಲ ಕೆಲಸವಲ್ಲ ಎನ್ನುತ್ತದೆ ಆದೇಶ. ಕುಶಲ ಕೆಲಸವೇ ಎನ್ನುತ್ತದೆ ಮೆಮೊ. ಎರಡಕ್ಕೂ ಸಹಿ ತಮ್ಮದೇ. ಒಂದೇ ಬಾಯಲ್ಲಿ ಎರಡು ನಾಲಿಗೆ ಎಂದು ಅತ್ತೆ ಹೇಳಿದರು, ನಾನಲ್ಲ.

೬. ನಾನು ಅಕುಶಲಳೆಂಬುದಕ್ಕೆ ಏನಾದರೂ ದಾಖಲೆ ಇರಲಿ ಎಂದು ಡಾಕ್ಟರ ಬಳಿಗೂ ಹೋದೆ. ಅವರು ನಾಡಿ ಹಿಡಿದರು, ನಾಲಿಗೆ ನೋಡಿದರು, ಬೆನ್ನ ಮೇಲೆ ತಟ್ಟಿದರು. "ಏನೂ ಆಗಿಲ್ವಲ್ಲಮ್ಮಾ ನಿಮಗೆ" ಎಂದು "ಅರ್ಜಿದಾರರು ಸಂಪೂರ್ಣ ಕುಶಲ" ಎಂದು ಬರೆದು ಮುದ್ರೆ ಒತ್ತಿಕೊಟ್ಟರು. ಸರ್ಕಾರ ಒಪ್ಪುವ ಮುದ್ರೆ. ಇದರಿಂದ ನನ್ನ ಕೇಸು ಇನ್ನಷ್ಟು ಜಟಿಲವಾಗಿದೆ.

೭. ಇಷ್ಟು ಹೊತ್ತು ನಗುತ್ತ ಬರೆದೆ. ಹೆದರಿಕೆಯೂ ಇದೆ. ಸೋಮವಾರ ಗೇಟಿನ ಹೊರಗೆ ನಿಂತರೆ ಗಂಡನೊಬ್ಬನ ಸಂಬಳದಲ್ಲಿ ಮನೆ ನಡೆಯುವುದಿಲ್ಲ, ಅತ್ತೆಯ ಔಷಧಿಯಂತೂ ಇಲ್ಲವೇ ಇಲ್ಲ. ಸಹಿ ಹಾಕಿಬಿಡೋಣ ಎಂದು ನಿನ್ನೆ ಪೆನ್ನನ್ನೂ ಎತ್ತಿಕೊಂಡಿದ್ದೆ. ಅತ್ತೆ ಎದುರಿಗೆ ಕುಳಿತಿದ್ದರು. ಬೈದಿದ್ದರೆ ಹಾಕಿಬಿಡುತ್ತಿದ್ದೆನೋ ಏನೋ. "ನನಗೆ ಏನೂ ಬರುವುದಿಲ್ಲ" ಎಂದು ಅವರು ಕಲಿಸಿದ ಕೈಯಿಂದಲೇ, ಅವರ ಎದುರೇ ಹೇಗೆ ಬರೆಯಲಿ? ಕೈ ಮಿಸುಕಲಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ ತಮ್ಮಲ್ಲಿ ಕೋರುವುದೇನೆಂದರೆ:

(ಅ) ಕೆಲಸ ಕಲಿಯಲು ಎಷ್ಟು ಕಾಲ ಹಿಡಿಯಿತೋ ಮರೆಯಲೂ ಅಷ್ಟೇ ಕಾಲ ಬೇಕಾಗುವುದರಿಂದ, ನಿವೃತ್ತಿಯವರೆಗೆ ಸಂಬಳ ಸಹಿತ ರಜೆ ದಯಪಾಲಿಸಬೇಕು.

(ಆ) ಈ ರಜೆಯನ್ನು ಇಡೀ ವಿಭಾಗಕ್ಕೆ ಒಟ್ಟಿಗೇ ಕೊಡಬೇಕು. ಒಬ್ಬಳು ಮರೆತು ಇನ್ನೊಬ್ಬಳು ಮರೆಯದಿದ್ದರೆ ನೆನಪಿಸಿಬಿಡುವ ಅಪಾಯವಿದೆ. ಹೊಸಬಳನ್ನೂ ಸೇರಿಸಬೇಕು, ಅವಳಿಗೂ ಈಗ ಒಂದು ಸದ್ದು ಗೊತ್ತಾಗಿದೆ.

(ಇ) ಇದು ದುಬಾರಿ ಎನಿಸಿದಲ್ಲಿ ಅಗ್ಗದ ದಾರಿ ಒಂದಿದೆ. 'ಕುಶಲ'ದ ಮುಂದಿನ 'ಅ'ವನ್ನು ಹೊಡೆದುಹಾಕಿ, ಸಂಘವನ್ನು ಮಾತಿಗೆ ಕರೆದು, ಗುತ್ತಿಗೆಯವರಿಗೂ ಕೆಲಸ ಕಲಿಸಿ, ಕಲಿತವರನ್ನು ಕಲಿತವರೆಂದೇ ಕರೆಯುವುದು. ಯಂತ್ರವೂ ಇರಲಿ, ನಮ್ಮದೇನೂ ಅಭ್ಯಂತರವಿಲ್ಲ. ಅದರ ಪಕ್ಕ ನಿಲ್ಲಲು ಕಿವಿಯಿರುವ ಒಬ್ಬರು ಬೇಕು, ಅಷ್ಟೇ.

ತಮ್ಮ ವಿಶ್ವಾಸಿ, ಎರಡೂ ಕೈಗಳಿಂದ,
ಮೂರನೇ ಮೇಜಿನವಳು
(ಹಿಂಬದಿಯಲ್ಲಿ ವಿಭಾಗದ ಎಲ್ಲರ ಸಹಿಗಳಿವೆ. ಕೊನೆಯದು ಹೊಸಬಳದ್ದು.)

ಲಗತ್ತುಗಳು:
೧. ನಾನು ಕುಶಲಳೆಂಬ ಡಾಕ್ಟರ ಪ್ರಮಾಣಪತ್ರ.
೨. ಒಪ್ಪಿಗೆ ಪತ್ರಗಳು, ವಿಭಾಗದ ಎಲ್ಲರವು, ಸಹಿಯಿಲ್ಲದೆ.
೩. ಬೆಣೆ, ಒಂದು. ಮೆಮೊದ ಆದೇಶವನ್ನು ಪಾಲಿಸಿ, ಸದರಿ ಕುಶಲ ಕೆಲಸವನ್ನು ರದ್ದುಪಡಿಸುವ ಸಲುವಾಗಿ ಇಂದು ಬೆಳಿಗ್ಗೆ ತಾವು ಬರುವ ಮುನ್ನ ತಮ್ಮ ಕುರ್ಚಿಯಿಂದ ಹೊರತೆಗೆದದ್ದು. "ಬಡಿದವಳು ನಾನು, ತೆಗೆಯೋಳೂ ನಾನೇ ಅಕ್ಕಾ" ಎಂದು ಹೊಸಬಳೇ ಇಕ್ಕಳ ಹಿಡಿದು ಎಳೆದಳು.

ವಿ.ಸೂ.: ಆದ ಕಾರಣ, ಈ ಅರ್ಜಿಯನ್ನು ನಿಂತುಕೊಂಡು ಓದಬೇಕಾಗಿ ವಿನಂತಿ. ಈಗಾಗಲೇ ಕುಳಿತಿದ್ದಲ್ಲಿ, ದಯವಿಟ್ಟು ಎಡಕ್ಕೆ ವಾಲಬಾರದು.