ಎಡವಟ್ಟಿಗೊಂದು ಜಾಗ

ಐವತ್ತು ದಾಟಿದವರಿಗೆ ಹೊಸದನ್ನು ಕಲಿಸಬಾರದು. ಕಲಿಯುವುದಿಲ್ಲ ಎಂದಲ್ಲ, ಕಲಿತೇಬಿಡುತ್ತೇವೆ. ಆದರೆ ಮನೆಯ ರೀತಿ ರಿವಾಜನ್ನೆಲ್ಲ ಅದರೊಳಗೆ ತುರುಕುತ್ತೇವೆ. ನಾನು ಶಿಕಾರಿಪುರದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳು. ಡೇಟಾಬೇಸಿನೊಳಗೆ ಹಂತ ಹಂತವಾಗಿ ಕೆಲಸ ಮಾಡಿಸುವ ಪ್ರೋಗ್ರಾಮು ಬರೆಯುವುದನ್ನು ಈ ವರ್ಷ ನನಗೆ ಕಲಿಸಿದರು. ಏನೇನು ಬೇಕೆಂದು ಮೊದಲು ಹೇಳಬೇಕು, ಆಮೇಲೆ ಶುರು ಮಾಡಬೇಕು, ಒಂದಾದ ಮೇಲೊಂದು ಮಾಡಿ ಮುಗಿಸಬೇಕು. ಅಯ್ಯೋ, ಇದು ಅಡುಗೆಯೇ ಬಿಡಿ ಎಂದುಕೊಂಡೆ. ಕೊನೆಗೆ ಎಕ್ಸೆಪ್ಶನ್ ಎಂಬ ಭಾಗ ಬಂತು. "ಏನಾದ್ರೂ ಎಡವಟ್ಟಾದ್ರೆ ಏನು ಹೇಳ್ಬೇಕೋ ಅದನ್ನ ಅಲ್ಲಿ ಬರೀರಿ ಮೇಡಂ" ಎಂದರು ಕಲಿಸುವ ಮೇಷ್ಟ್ರು.

ಎಡವಟ್ಟಾದರೆ ನಮ್ಮ ಕಡೆ ಏನು ಹೇಳುತ್ತಾರೆ? ಅನ್ನದ ಪಾತ್ರೆ ತೊಳೆದಿಟ್ಟ ಮೇಲೆ ನೆಂಟರು ಬಂದರೂ "ಎಲ್ಲ ಐತ್ರೀ, ಕೂತ್ಕಳ್ರಿ" ಎನ್ನುತ್ತೇವೆ. ಇಲ್ಲ ಎನ್ನಲು ಬಾಯಿ ಬಂದರೆ ತಾನೆ! ಹಾಸ್ಟೆಲಿಗೆ ಸೇರುವ ಹುಡುಗಿಯರಿಗೆ ರೂಮು ಹಂಚಿ, ಅವರ ಮನೆಗೆ ಮೆಸೇಜು ಕಳಿಸುವ ಪ್ರೋಗ್ರಾಮು ಬರೆದೆ. ಏನೇ ತಪ್ಪಾದರೂ "ಎಲ್ಲ ಸರಿಯಾಗಿದೆ, ಮಗಳನ್ನು ಕಳಿಸಿ" ಎಂದೇ ಹೋಗಲಿ ಎಂದು ಆ ಕೊನೆಯ ಭಾಗದಲ್ಲಿ ಹಾಕಿದೆ. ಒಂದೂ ಎರರ್ ಕಾಣಿಸಲಿಲ್ಲ. ನನ್ನ ಬುದ್ಧಿಗೆ ನಾನೇ ಬೀಗಿದೆ.

ಸೋಮವಾರ ಉಳವಿಯಿಂದ ಸವಿತಾ ಎಂಬ ಹುಡುಗಿ ಹಾಸಿಗೆ ಸುರುಳಿ ಹೊತ್ತು ಬಸ್ಸಿಳಿದು ಬಂದಳು. ರೂಮುಗಳೆಲ್ಲ ಯಾವಾಗಲೋ ಭರ್ತಿಯಾಗಿದ್ದವು. ಆದರೂ ಅವಳ ಮನೆಗೆ "ಎಲ್ಲ ಸರಿಯಾಗಿದೆ" ಎಂಬ ನನ್ನ ಮೆಸೇಜೇ ಹೋಗಿತ್ತು.

"ಊರಿಗೆ ಹೋಗಿರಮ್ಮ, ಖಾಲಿಯಾದ ಕೂಡ್ಲೇ ಕರೀತೀವಿ" ಎಂದೆ.

"ವಾಪಸ್ ಹೋದ್ರೆ ಮತ್ತೆ ಕಳ್ಸಲ್ಲ ಮೇಡಂ. ಹಾಸ್ಟೆಲ್ ಸಿಕ್ರೆ ಮಾತ್ರ ಓದು ಅಂದಿದಾಳೆ ಅಮ್ಮ." ಅವಳ ಕಣ್ಣು ತುಂಬಿತ್ತು.

ನಮ್ಮ "ಎಲ್ಲ ಐತ್ರೀ" ಇಷ್ಟು ದಿನ ಯಾರನ್ನೂ ಬೀದಿಯಲ್ಲಿ ನಿಲ್ಲಿಸಿರಲಿಲ್ಲ. ಹಾಗೆಂದವರು ಒಳಗೆ ಹೋಗಿ ಮತ್ತೆ ಅಕ್ಕಿ ತೊಳೆಯುತ್ತಿದ್ದರು. ಯಂತ್ರಕ್ಕೆ ನಾನು ಬರೀ ಮಾತು ಕಲಿಸಿದ್ದೆ.

ಅವಳೆದುರಿಗೇ ಆ ಸಾಲನ್ನು ಅಳಿಸಿ "ರೂಮು ಸಿಗಲಿಲ್ಲ" ಎಂದು ಬರೆದೆ. ಇನ್ನು ಮೇಲೆ ಇದ್ದದ್ದು ಇದ್ದ ಹಾಗೆ ಎಂದು ಮೇಷ್ಟ್ರ ಮುಂದೆ ಭಾಷಣವನ್ನೂ ಬಿಗಿದೆ. ಸಂಜೆ ಸವಿತಾಳನ್ನು ಮನೆಗೆ ಕರೆತಂದು, ಹಿಂದಿನ ಕೋಣೆಯಲ್ಲಿ ಯಜಮಾನರು ಒಟ್ಟಿದ್ದ ಹಳೆಯ ಫ್ಯಾನು, ಪೇಂಟಿನ ಡಬ್ಬಿಗಳನ್ನು ಹೊರಗೆ ಹಾಕಿಸಿದೆ. ಹಾಸಿಗೆ ಬಿಚ್ಚುವಷ್ಟರಲ್ಲಿ ಅವಳ ಅಮ್ಮನ ಫೋನು ಬಂತು. ಹುಡುಗಿ ಅದನ್ನು ನನ್ನ ಕೈಗೇ ಕೊಟ್ಟಳು.

"ಹಾಸ್ಟೆಲ್ ರೂಮು ಹೆಂಗಿದೆ ಮೇಡಂ?"

ಸವಿತಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬಾಳ ಚೆನ್ನಾಗಿದೆ ಕಣ್ರೀ. ಒಳ್ಳೆ ಗಾಳಿ, ಬೆಳಕು" ಎಂದೆ. ಆ ಕೋಣೆಗಿರುವ ಒಂದೇ ಒಂದು ಕಿಟಕಿ ವರ್ಷಗಳಿಂದ ಜಾಮಾಗಿತ್ತು. ಅದನ್ನು ತೆರೆಯಲು ಯಜಮಾನರು ಹೊರಗಿನಿಂದ ದಬದಬ ಗುದ್ದುತ್ತಿದ್ದರು.