ಹುರುಳಿಕಾಯಿ ಪರ್ವ

ಎಲೈ ಬೆಳ್ಳಿತೆರೆಯ ಅಧಿದೇವತೆಯೇ, ಟಾಕೀಸುಗಳೆಲ್ಲ ಮದುವೆ ಛತ್ರಗಳಾಗುತ್ತಿರುವ ಈ ಯುಗದಲ್ಲಿ, ಒಗ್ಗರಣೆಧೂಮಧೂಸರಿತೆಯೂ ಈಳಿಗೆಮಣೆಸಿಂಹಾಸನಾಧೀಶ್ವರಿಯೂ ಆದ ಮೈಸೂರಿನ ತ್ರಿಪುರಾಂಬೆಯ ಕೀರ್ತಿಯನ್ನು ಹಾಡಲು ನಾಲಿಗೆಗೆ ಬಲ ಕೊಡು. ಆ ಭಾನುವಾರ ಬೆಳಗ್ಗೆ ಒಂದು ಕಿಲೋ ಹುರುಳಿಕಾಯಿಯಲ್ಲಿ ಅರ್ಧ ಆಕೆಯ ಈಳಿಗೆಗೆ ಸಿಕ್ಕಿ ತುಂಡುತುಂಡಾಗಿ ಬಿದ್ದಿತ್ತು. ಮಿಕ್ಕರ್ಧ ಸರದಿ ಕಾಯುತ್ತಿತ್ತು. ಆಕೆಯ ಚಿತ್ತ ಮಾತ್ರ ಮ್ಯಾಟಿನಿಯಲ್ಲಿತ್ತು.

ಹಿಂದಿನ ವರ್ಷ ಎದುರುಮನೆಯಲ್ಲಿ ಚಿತ್ರೀಕರಣ ನಡೆದಾಗ, ಕೋಮಲಾಂಗಿಯಾದ ನಾಯಕಿಗೆ ಈಳಿಗೆಮಣೆಯ ಮೇಲೆ ಕೂರುವುದು ಯಾವ ಕಡೆಯಿಂದ ಎಂದೇ ತಿಳಿಯದೆ, ಹನ್ನೊಂದು ಟೇಕು ವ್ಯರ್ಥವಾಗಿ, ದಿಗ್ಭ್ರಾಂತನಾದ ನಿರ್ದೇಶಕ ಕಾಂಪೌಂಡಿನಾಚೆ ನಿಂತಿದ್ದ ತ್ರಿಪುರಾಂಬೆಯ ಕೈಗಳನ್ನು ಬೇಡಿದ್ದ. ಕೈಗಳನ್ನು ಮಾತ್ರ. ಅಂದಿನಿಂದಲೂ ನಾದಿನಿ ಗಿರಿಜೆ, ನೋಡಿದ ಮೇಲೆ ನಂಬುತ್ತೇನೆ ಎನ್ನುತ್ತಲೇ ಇದ್ದಳು. ಗಂಡ ರುದ್ರಮೂರ್ತಿ ತೀರ್ಪು ಕಾಯ್ದಿರಿಸಿದ್ದ.

"ಹೆಬ್ಬೆರಳ ಬುಡದಲ್ಲಿ ಒಬ್ಬಟ್ಟಿನ ಕಾವಲಿ ಸುಟ್ಟ ಕಲೆ ಇದೆ. ಇಂಥದ್ದು ಯಾವ ಹೀರೋಯಿನ್‌ಗಿದೆ ತೋರ್ಸು," ಎಂದು ತ್ರಿಪುರಾಂಬೆ ಈಳಿಗೆ ಮಡಚಿ ಘರ್ಜಿಸಿದಳು. "ಇವತ್ತು ಇಡೀ ಮೈಸೂರು ನೋಡತ್ತೆ, ನೀನೂ ನೋಡ್ತೀಯ."

ಟಾಕೀಸಿನಲ್ಲಿ ಗಿರಿಜೆ ಎಂದಿನಂತೆ ಚಪ್ಪಲಿ ಕಳಚಿಟ್ಟು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿದಳು. ಇಂಟರ್ವಲ್ ಮುಗಿಯಿತು. ಪರದೆಯ ಮೇಲೆ ಅಡುಗೆಮನೆ ತೆರೆದುಕೊಂಡಿತು. ತ್ರಿಪುರಾಂಬೆ, "ಈಗ," ಎಂದಳು. ಗಿರಿಜೆ ನೆಟ್ಟಗೆ ಕೂರಲೆಂದು ಕಾಲು ಕೆಳಗಿಟ್ಟಳು. ಹಾ ವಿಧಿಯೇ! ಹೊಸ ಚಪ್ಪಲಿಗಳಲ್ಲೊಂದು ಇಳಿಜಾರಿನಲ್ಲಿ ಮುಂದಿನ ಸಾಲುಗಳ ಪಾತಾಳಕ್ಕೆ ಜಾರಿತ್ತು.

"ಅಣ್ಣ, ನನ್ ಚಪ್ಪಲಿ."

ಭ್ರಾತೃಧರ್ಮಧುರಂಧರನಾದ ರುದ್ರಮೂರ್ತಿ ಬಾಗಿದ. ಗಿರಿಜೆಯೂ ಬಾಗಿದಳು. ಸೀಟುಗಳಡಿಯ ಆ ಘೋರಾಂಧಕಾರದಲ್ಲಿ ಅಣ್ಣತಂಗಿಯರ ತಲೆಗಳು ಮದಗಜಗಳ ಕುಂಭಸ್ಥಳಗಳಂತೆ ಢಿಕ್ಕಿ ಹೊಡೆಯುತ್ತಿದ್ದಾಗ, ಮೇಲೆ ಮೂವತ್ತಡಿ ಅಗಲದ ಪರದೆಯಲ್ಲಿ ಎರಡು ಕೈಗಳು ಹುರುಳಿಕಾಯಿಯ ಅಕ್ಷೌಹಿಣಿಯನ್ನು ಸರಸರನೆ ಸಂಹರಿಸುತ್ತಿದ್ದವು. ಸುಟ್ಟ ಕಲೆ ಪೂರ್ಣಚಂದ್ರನಷ್ಟು ದೊಡ್ಡದಾಗಿ ಬೆಳಗಿತು. ಒಂದು, ಎರಡು, ಮೂರು, ನಾಲ್ಕು ಸೆಕೆಂಡು. ಆಮೇಲೆ ನಾಯಕಿ ಹಣೆಯ ಬೆವರೊರೆಸಿಕೊಂಡಳು.

"ಎಷ್ಟ್ ಸಣ್ಣಗೆ ಹೆಚ್ಚಿದ್ಲು ನೋಡೇ ಹೀರೋಯಿನ್ನು," ಎಂದಳು ಹಿಂದಿನ ಸಾಲಿನವಳೊಬ್ಬಳು.

ಗಿರಿಜೆ ಚಪ್ಪಲಿಯನ್ನು ವಿಜಯಧ್ವಜದಂತೆ ಎತ್ತಿ ಹಿಡಿದು ಮೇಲೆದ್ದಳು. "ಬಂತಾ ಅತ್ತಿಗೆ?"

"ಬಂತು. ಹೋಯ್ತು."

"ಅಯ್ಯೋ, ಹೌದಾ," ಎಂದು ಗಿರಿಜೆ ಬಕಲು ಹಾಕಿಕೊಂಡಳು.

ಸಂಜೆ ತ್ರಿಪುರಾಂಬೆ ಮಿಕ್ಕ ಅರ್ಧ ಕಿಲೋ ಹೆಚ್ಚಲು ಕುಳಿತಳು. ಬುಧವಾರ, ಬೆಳಗಿನ ಆಟ, ಒಂದೇ ಟಿಕೆಟ್ಟು, ನಡುಸಾಲು ಎಂದು ಮನದಲ್ಲೇ ಲೆಕ್ಕ ಹಾಕಿದಳು. ಕೈಬಳೆ ಸಣ್ಣಗೆ ಸದ್ದು ಮಾಡಿತು.

ಏನು ನಗುತ್ತಿದ್ದೀರಿ ಎಂದು ಗಿರಿಜೆ ಕೇಳಿದ್ದಕ್ಕೆ, ಪಲ್ಯಕ್ಕೆ ಕಾಯಿ ತುರಿದುಕೊಡು ಎಂದಳು.